ಹೊಟ್ಟೆ ಮುಚ್ಚುವ ಮೊದಲು ಗ್ಲೌಸ್, ಉಪಕರಣ ಬದಲಿಸುವುದು: ಸಣ್ಣ ಓಟಿಯಲ್ಲಿ ಹೇಗೆ ಜಾರಿಗೆ ತರಬೇಕು?

ಪ್ರಶ್ನೆ: ತಾಲ್ಲೂಕು ಸರ್ಜನ್

ಸರ್ಜನ್‌ಗಳಿಗೂ ಓಟಿ ನೋಡಿಕೊಳ್ಳುವ ಸಿಸ್ಟರ್‌ಗಳಿಗೂ ಒಟ್ಟಿಗೆ ಕೇಳುತ್ತಿದ್ದೇನೆ.

2022ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಚೀಟಾ ಟ್ರಯಲ್ ಓದಿರುತ್ತೀರಿ. ಒಳಗಿನ ಕೆಲಸ ಮುಗಿದು ಹೊಟ್ಟೆ ಮುಚ್ಚುವ ಮೊದಲು ಸ್ಕ್ರಬ್ ಆದವರೆಲ್ಲ (ಕೈ ತೊಳೆದು ಟೇಬಲ್ ಬಳಿ ನಿಂತವರು) ಗ್ಲೌಸ್ ಬದಲಿಸಬೇಕು, ಹೊಲಿಗೆ ಹಾಕಲು ಬೇರೆ ಸ್ಟೆರೈಲ್ ಉಪಕರಣಗಳನ್ನೇ ಬಳಸಬೇಕು. ಇಷ್ಟು ಮಾಡಿದರೆ ಗಾಯದ ಸೋಂಕು ಇಳಿಯುತ್ತದೆ ಅನ್ನುವುದು ಅದರ ತಿರುಳು. ನಮ್ಮ ಓಟಿಯಲ್ಲಿ ಇದನ್ನು ಶುರು ಮಾಡುವ ಯೋಚನೆ ಇದೆ.

ನಮ್ಮಲ್ಲಿರುವುದು ಎರಡು ಟೇಬಲ್, ನಾಲ್ಕು ಜನರಲ್ ಸೆಟ್, ಒಂದೇ ಒಂದು ವರ್ಟಿಕಲ್ ಆಟೋಕ್ಲೇವ್ (ಆವಿಯಲ್ಲಿ ಸ್ಟೆರೈಲ್ ಮಾಡುವ ಯಂತ್ರ). ತಿಂಗಳಿಗೆ ಸುಮಾರು 20 ಲ್ಯಾಪರಾಟಮಿ (ಹೊಟ್ಟೆ ತೆರೆದು ಮಾಡುವ ಆಪರೇಷನ್) ಆಗುತ್ತವೆ, ಅರ್ಧಕ್ಕಿಂತ ಹೆಚ್ಚು ಎಮರ್ಜೆನ್ಸಿ. ಡಿಯೋಡಿನಲ್ ಪರ್ಫೊರೇಷನ್ (ಸಣ್ಣ ಕರುಳಿನ ಮೊದಲ ಭಾಗದಲ್ಲಿ ತೂತು), ಒಡೆದ ಅಪೆಂಡಿಕ್ಸ್, ಕರುಳು ಕಟ್ಟಿಕೊಂಡದ್ದು, ಇಂಥವೇ. ರಾತ್ರಿ ಪಾಳಿಯಲ್ಲಿ ಒಬ್ಬರು ಸ್ಕ್ರಬ್ ನರ್ಸ್, ಹೊರಗಿನಿಂದ ಸಾಮಾನು ಕೊಡಲು ಇನ್ನೊಬ್ಬರು.

ಇದರ ಫಲ ನಿಜಕ್ಕೂ ಎಷ್ಟು, ಯಾವ ಕೇಸುಗಳಿಗೆ? ಮುಚ್ಚುವ ಸೆಟ್ಟಿನಲ್ಲಿ ಏನೇನಿರಬೇಕು, ಅಂಥ ಎಷ್ಟು ಸೆಟ್ ಇಟ್ಟುಕೊಳ್ಳಬೇಕು? ಬದಲಿಸುವಾಗ ತಪ್ಪಾಗುವುದು ಎಲ್ಲಿ? ಬೆಟಡಿನ್ ಬಿಟ್ಟು ಆಲ್ಕೊಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ತರಿಸಿ ಅನ್ನುವವರಿದ್ದಾರೆ, ಟ್ರೈಕ್ಲೋಸಾನ್ ಲೇಪಿಸಿದ ದಾರ ಕೊಳ್ಳಿ ಅನ್ನುವವರೂ ಇದ್ದಾರೆ. ಇರುವ ದುಡ್ಡು ಒಂದಕ್ಕೆ ಮಾತ್ರ ಸಾಲುತ್ತದೆ ಅಂದರೆ ಯಾವುದಕ್ಕೆ ಹಾಕಬೇಕು?


ಉತ್ತರ 1: ಜನರಲ್ ಸರ್ಜರಿ ಬೋಧಕ

ಒಂದಕ್ಕೇ ಅಂದರೆ ಗ್ಲೌಸಿಗೂ ಮುಚ್ಚುವ ಸೆಟ್ಟಿಗೂ ಹಾಕಿ. ಅವೆರಡನ್ನೂ ಒಂದೇ ಅಂತ ಲೆಕ್ಕ ಹಿಡಿಯಿರಿ, ಯಾಕೆಂದು ಮುಂದೆ ಹೇಳುತ್ತೇನೆ.

ಚೀಟಾ ನಡೆದದ್ದು ಬೆನಿನ್, ಘಾನಾ, ಭಾರತ, ಮೆಕ್ಸಿಕೊ, ನೈಜೀರಿಯಾ, ರುವಾಂಡಾ, ದಕ್ಷಿಣ ಆಫ್ರಿಕಾ ಈ ಏಳು ದೇಶಗಳ 81 ಆಸ್ಪತ್ರೆಗಳಲ್ಲಿ. ಒಟ್ಟು 13,301 ರೋಗಿಗಳು. ಇಲ್ಲಿ ಯಾರು ಬದಲಿಸಬೇಕು, ಯಾರು ಬೇಡ ಎಂದು ಚೀಟಿ ಎತ್ತಿದ್ದು ರೋಗಿಗಳ ಹೆಸರಿನಲ್ಲಲ್ಲ, ಆಸ್ಪತ್ರೆಗಳ ಹೆಸರಿನಲ್ಲಿ. ಒಂದೇ ಓಟಿಯಲ್ಲಿ ಬೆಳಿಗ್ಗೆಯ ಕೇಸಿಗೆ ಬದಲಿಸಿ, ಮಧ್ಯಾಹ್ನದ ಕೇಸಿಗೆ ಬೇಡ ಅಂದರೆ ಯಾವ ತಂಡಕ್ಕೂ ಅದು ಸಾಧ್ಯವಾಗದ ಮಾತು, ಅದಕ್ಕಾಗಿ ಹಾಗೆ ಮಾಡಿದರು. ಎಂದಿನಂತೆ ಮುಚ್ಚಿದ ಆಸ್ಪತ್ರೆಗಳಲ್ಲಿ 30 ದಿನದೊಳಗೆ ಗಾಯಕ್ಕೆ ಸೋಂಕು ತಗುಲಿದ್ದು ಶೇ 18.9, ಬದಲಿಸಿ ಮುಚ್ಚಿದ ಕಡೆ ಶೇ 16.0. ಸರಿಸುಮಾರು 35 ಜನರಿಗೆ ಹೀಗೆ ಮಾಡಿದರೆ ಒಬ್ಬರಿಗೆ ಆಗಬಹುದಾಗಿದ್ದ ಸೋಂಕು ತಪ್ಪುತ್ತದೆ. ಸಣ್ಣದು ಅನ್ನಿಸಬಹುದು. ಆದರೆ ಆ ಒಬ್ಬರು ಅಂದರೆ ಎರಡು ಮೂರು ವಾರ ದಿನಾ ಡ್ರೆಸ್ಸಿಂಗ್, ಕೂಲಿ ಖೋತಾ, ಮುಂದೆ ಆ ಜಾಗದಲ್ಲೇ ಹರ್ನಿಯಾ ಆಗುವ ಸಾಧ್ಯತೆ.

ಇನ್ನೊಂದು ಅಂಕಿ ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಎಂದಿನಂತೆ ಮುಚ್ಚಿದ ಆಸ್ಪತ್ರೆಗಳಲ್ಲಿ ಗ್ಲೌಸ್, ಉಪಕರಣ ಎರಡನ್ನೂ ಬದಲಿಸಿದ್ದು ನೂರರಲ್ಲಿ ಒಂದು ಕೇಸಿಗೂ ಕಡಿಮೆ. ಬದಲಿಸಿ ಎಂದು ಹೇಳಿದ ಕಡೆ ಶೇ 98. ತಂಡಕ್ಕೆ ಹೇಳಿಕೊಟ್ಟು ಸಾಮಾನು ಕೈಗೆ ಸಿಗುವಂತೆ ಇಟ್ಟರೆ ಬಡ ಆಸ್ಪತ್ರೆಯಲ್ಲೂ ಇದು ನಡೆಯುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಯಾವ ಕೇಸಿಗೆ ಅಂದರೆ, 5 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಹೊಟ್ಟೆಯ ಗಾಯ ಇರಬೇಕು, ಕರುಳನ್ನೋ ಪಿತ್ತನಾಳವನ್ನೋ ತೆರೆದಿರಬೇಕು, ಇಲ್ಲವೇ ಒಳಗೆ ಮೊದಲೇ ಕೀವು, ಮಲ ಸೋರಿರಬೇಕು. ಎಮರ್ಜೆನ್ಸಿಯೂ ಇತ್ತು, ಎಲೆಕ್ಟಿವ್ ಕೂಡ ಇತ್ತು. ಹರ್ನಿಯಾ, ಥೈರಾಯ್ಡ್‌ನಂಥ ಕ್ಲೀನ್ ಕೇಸುಗಳಿಗೆ ಈ ಫಲಿತಾಂಶವನ್ನು ಎಳೆದು ತರಬೇಡಿ, ಗ್ಲೌಸ್ ಸ್ಟಾಕ್ ಸುಮ್ಮನೆ ಕರಗುತ್ತದೆ.

ಗ್ಲೌಸ್ ಮತ್ತು ಉಪಕರಣ ಎರಡನ್ನೂ ಜೊತೆಯಾಗಿಯೇ ಪರೀಕ್ಷಿಸಿದ್ದು, ಬಿಡಿಬಿಡಿಯಾಗಿ ಅಲ್ಲ. ಹಾಗಾಗಿ ಗ್ಲೌಸ್ ಒಂದನ್ನೇ ಬದಲಿಸಿ ಇದರ ಫಲ ನಿರೀಕ್ಷಿಸುವ ಹಾಗಿಲ್ಲ. ಯೋಚಿಸಿ ನೋಡಿದರೂ ಅಷ್ಟೇ: ಕರುಳಿನ ಅನಾಸ್ಟೊಮೋಸಿಸ್ (ಎರಡು ತುದಿ ಸೇರಿಸುವ ಹೊಲಿಗೆ) ಹಾಕಿದ ನೀಡಲ್ ಹೋಲ್ಡರನ್ನು ಹೊಸ ಗ್ಲೌಸಿನಲ್ಲಿ ಹಿಡಿದ ಕ್ಷಣ ಆ ಗ್ಲೌಸ್ ಹಳತಾಯಿತು. ಅದೇ ಕೈ ಮುಂದೆ ಮುಟ್ಟುವುದು ಚರ್ಮದಡಿಯ ಕೊಬ್ಬನ್ನು. ರಕ್ತಸಂಚಾರ ಕಡಿಮೆ ಇರುವ ಆ ಪದರದಲ್ಲಿ ಬಿದ್ದ ಬ್ಯಾಕ್ಟೀರಿಯಾಕ್ಕೆ ಕೇಳುವವರಿಲ್ಲ.

ಬೆಟಡಿನ್ ಮತ್ತು ದಾರದ ಪ್ರಶ್ನೆಗೆ ಉತ್ತರ ಫಾಲ್ಕನ್ ಟ್ರಯಲ್‌ನಲ್ಲಿದೆ (ಲ್ಯಾನ್ಸೆಟ್, 2021). ಅವೇ ಏಳು ದೇಶಗಳು, 54 ಆಸ್ಪತ್ರೆ, 5,788 ರೋಗಿಗಳು. ಶೇ 2ರ ಆಲ್ಕೊಹಾಲ್ ಕ್ಲೋರ್‌ಹೆಕ್ಸಿಡಿನ್ ಒಂದು ಕಡೆ, ಶೇ 10ರ ನೀರಿನ ಪೊವಿಡೋನ್ ಅಯೋಡಿನ್ ಇನ್ನೊಂದು ಕಡೆ. ಅದರ ಜೊತೆಗೇ ಟ್ರೈಕ್ಲೋಸಾನ್ ಲೇಪಿಸಿದ ದಾರ ಒಂದು ಕಡೆ, ಮಾಮೂಲಿ ದಾರ ಇನ್ನೊಂದು ಕಡೆ. ಎರಡು ಹೋಲಿಕೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಒಟ್ಟು ಸೋಂಕು ಶೇ 22ರಷ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2016ರ ಮಾರ್ಗಸೂಚಿ ಕ್ಲೋರ್‌ಹೆಕ್ಸಿಡಿನ್ ಪರವಾಗಿತ್ತು, ಲೇಪಿತ ದಾರವನ್ನೂ ಸೂಚಿಸಿತ್ತು. ಆದರೆ ನಮ್ಮಂಥ ಆಸ್ಪತ್ರೆಗಳಲ್ಲೇ, ನಮ್ಮಂಥ ರೋಗಿಗಳಲ್ಲೇ ನಡೆದ ಇಷ್ಟು ದೊಡ್ಡ ಟ್ರಯಲ್ ಬೇರೆ ಹೇಳುತ್ತಿರುವಾಗ, ಇರುವ ಬೆಟಡಿನ್ನನ್ನೇ ನೆಟ್ಟಗೆ ಬಳಸಿ.

ನೆಟ್ಟಗೆ ಅಂದರೆ: ಹೊಕ್ಕುಳದ ಕೊಳೆಯನ್ನು ಮೊದಲು ಕಡ್ಡಿಹತ್ತಿಯಿಂದ ತೆಗೆದು, ಗಾಯದ ಗೆರೆಯಿಂದ ಹೊರಕ್ಕೆ ಎರಡು ಕೋಟ್, ಮೇಲೆ ಎದೆಯವರೆಗೆ, ಕೆಳಗೆ ತೊಡೆಯ ನಡುವಿನವರೆಗೆ. ಆಮೇಲೆ 2–3 ನಿಮಿಷ ತಾನಾಗಿ ಒಣಗಲು ಬಿಡಬೇಕು. ಅವಸರಕ್ಕೆ ಗಾಜ್‌ನಿಂದ ಒರೆಸಿ ಡ್ರೇಪ್ ಹಾಕುವುದೇ ಎಲ್ಲ ಕಡೆ ಕಾಣುವ ತಪ್ಪು. ಒರೆಸಿದರೆ ಔಷಧವೂ ಹೋಯಿತು. ಸ್ಪಿರಿಟ್ ಬೆರೆತದ್ದು ಬಳಸಿದರೆ ಒಣಗುವ ಸಮಯ ಇನ್ನೂ ಮುಖ್ಯ. ಬೆನ್ನಡಿ ಹರಿದು ನಿಂತಿದ್ದರೆ ಕಾಟರಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಕಿಡಿಗೆ ಹೊತ್ತಿಕೊಳ್ಳುತ್ತದೆ.

ದಾರದ ಲೇಪಕ್ಕಿಂತ ಹೊಲಿಯುವ ರೀತಿ ದೊಡ್ಡದು. ನೆದರ್ಲೆಂಡ್ಸ್‌ನ ಸ್ಟಿಚ್ ಟ್ರಯಲ್ (2015, 560 ರೋಗಿಗಳು) ಎಲೆಕ್ಟಿವ್ ಮಿಡ್‌ಲೈನ್ ಗಾಯಗಳಲ್ಲಿ ಅಂಚಿನಿಂದ 5 ಮಿಲಿಮೀಟರ್, ಹೊಲಿಗೆಯಿಂದ ಹೊಲಿಗೆಗೆ 5 ಮಿಲಿಮೀಟರ್ ಇಟ್ಟು 2-0 ದಾರದಲ್ಲಿ ಹೊಲಿದಾಗ ಒಂದು ವರ್ಷದಲ್ಲಿ ಹರ್ನಿಯಾ ಶೇ 13, ಹಳೆಯ 1 ಸೆಂಟಿಮೀಟರ್ ಲೆಕ್ಕದಲ್ಲಿ ಶೇ 21 ಎಂದು ತೋರಿಸಿತು. ಶೀತ್ (ಹೊಟ್ಟೆಗೋಡೆಯ ಗಟ್ಟಿ ಪದರ) ಮಾತ್ರ ಹಿಡಿಯಬೇಕು, ಕೊಬ್ಬು, ಸ್ನಾಯು ಸೇರಿಸಬಾರದು. 20 ಸೆಂಟಿಮೀಟರ್ ಗಾಯಕ್ಕೆ ಕನಿಷ್ಠ 80 ಸೆಂಟಿಮೀಟರ್ ದಾರ ಖರ್ಚಾಗಿರಬೇಕು. ಉಳಿದ ತುಂಡನ್ನು ಅಳೆದು ನೋಡಿ, ಪಿಜಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಎಮರ್ಜೆನ್ಸಿ ಹೊಟ್ಟೆಗೆ ಈ ಅಂಕಿಗಳು ಹಾಗೇ ಅನ್ವಯಿಸುವುದಿಲ್ಲ ಅನ್ನುವುದು ನೆನಪಿರಲಿ.


ಉತ್ತರ 2: ಓಟಿ ಇನ್‌ಚಾರ್ಜ್ ಸಿಸ್ಟರ್

ಸೆಟ್ಟಿನ ವಿಷಯ ಹೇಳುತ್ತೇನೆ ಸರ್. ಹೊಸದಾಗಿ ಹೆಚ್ಚೇನೂ ಕೊಳ್ಳಬೇಕಾಗಿಲ್ಲ. ನಿಮ್ಮ ನಾಲ್ಕು ಜನರಲ್ ಸೆಟ್ ಬಿಚ್ಚಿ ಎಣಿಸಿ. ಪ್ರತಿ ಟ್ರೇಯಲ್ಲೂ ಯಾರೂ ಮುಟ್ಟದ ಆರ್ಟರಿ, ಆಲಿಸ್ ಕ್ಲ್ಯಾಂಪ್‌ಗಳು ಏಳೆಂಟಾದರೂ ಇರುತ್ತವೆ. ಅವನ್ನೇ ಎತ್ತಿ ಬೇರೆ ಪ್ಯಾಕ್ ಕಟ್ಟಬಹುದು. ಬಹುಶಃ ನೀಡಲ್ ಹೋಲ್ಡರ್, ಕತ್ತರಿ ಮಾತ್ರ ತರಿಸಬೇಕಾದೀತು.

ಮುಚ್ಚುವ ಸೆಟ್ಟಿಗೆ ಬೇಕಾದದ್ದು ಶೀತ್‌ಗೆ 7 ಇಂಚಿನ ನೀಡಲ್ ಹೋಲ್ಡರ್ 1, ಚರ್ಮಕ್ಕೆ 6 ಇಂಚಿನದು 1, ಹಲ್ಲಿರುವ ಫೋರ್ಸೆಪ್ಸ್ 1, ಆಡ್ಸನ್ 1, ಶೀತ್ ಅಂಚು ಹಿಡಿಯಲು ಕಾಕರ್ 4, ಮೀಡಿಯಂ ಆರ್ಟರಿ 2, ದಾರ ಕತ್ತರಿಸುವ ಕತ್ತರಿ 1, ಲ್ಯಾಂಗನ್‌ಬೆಕ್ ರಿಟ್ರ್ಯಾಕ್ಟರ್ 2, ಕರುಳಿಗೆ ಸೂಜಿ ತಗುಲದಂತೆ ಅಡ್ಡ ಹಿಡಿಯಲು ಬಾಗುವ ರಿಟ್ರ್ಯಾಕ್ಟರ್ 1. ಒಟ್ಟು 14. ಜೊತೆಗೆ ಗಾಯದ ಸುತ್ತ ಹಾಸಲು ಟವೆಲ್ 2. ಗಾಜ್ ಹಾಕಬೇಡಿ, ಮೊದಲ ಎಣಿಕೆ ಮುಗಿದ ಮೇಲೆ ಹೊಸ ಗಾಜ್ ಒಳಗೆ ಬಂದರೆ ಲೆಕ್ಕ ಕೆಡುತ್ತದೆ. ಬೇಕಾದರೆ ಹೊರಗಿನವರು ಎಣಿಸಿ ಕೊಡಲಿ, ಬೋರ್ಡಿನಲ್ಲಿ ಬರೆಯಲಿ. 14 ಅನ್ನುವ ಅಂಕಿಯನ್ನು ಪ್ಯಾಕಿನ ಮೇಲೂ ಬರೆದಿಡಿ.

ಸೆಟ್ ಎಷ್ಟು ಅನ್ನುವುದನ್ನು ತಿಂಗಳ 20 ಕೇಸಿನಿಂದ ಲೆಕ್ಕ ಹಾಕಬೇಡಿ. ಒಂದೇ ರಾತ್ರಿ ಅತಿ ಹೆಚ್ಚು ಅಂದರೆ ಎಷ್ಟು ಹೊಟ್ಟೆ ಬರಬಹುದು ಅನ್ನುವುದರಿಂದ ಹಾಕಿ. ತೊಳೆದು, ಒಣಗಿಸಿ, ಕಟ್ಟಿ, ಆಟೋಕ್ಲೇವ್ ಆಗಿ, ಆರಿ ಕೈಗೆ ಬರಲು ಎರಡೂವರೆ ಮೂರು ಗಂಟೆ ಹಿಡಿಯುತ್ತದೆ. ಆದ್ದರಿಂದ ನಾಲ್ಕು ಸೆಟ್ ಇಟ್ಟುಕೊಂಡು, ರಾತ್ರಿ ಪಾಳಿ ಶುರುವಾಗುವಾಗ ಎರಡಾದರೂ ರೆಡಿ ಇರಬೇಕು ಅನ್ನುವ ನಿಯಮ ಇಟ್ಟರೆ ಸಾಕು. ಗ್ಲೌಸ್ ಇಂಡೆಂಟಿಗೆ ಕೇಸಿಗೆ 3 ರಿಂದ 4 ಜೊತೆ ಸೇರಿಸಿ, ಅಂದರೆ ತಿಂಗಳಿಗೆ 60 ರಿಂದ 80 ಜೊತೆ. ಸೈಜ್ ಪ್ರಕಾರ ಬರೆಯಿರಿ. ಆರೂವರೆ ಸೈಜ್ ಖಾಲಿಯಾದರೆ ಆವತ್ತು ಬದಲಾವಣೆ ನಿಂತಂತೆಯೇ.

ಆಟೋಕ್ಲೇವ್ ಸರಿಯಿಲ್ಲದಿದ್ದರೆ ಎರಡನೇ ಸೆಟ್ ತೆರೆದು ಏನೂ ಉಪಯೋಗವಿಲ್ಲ. ವರ್ಟಿಕಲ್ ಆಟೋಕ್ಲೇವ್‌ನಲ್ಲಿ ಕಟ್ಟಿದ ಪ್ಯಾಕಿಗೆ 121 ಡಿಗ್ರಿ, 15 ಪೌಂಡ್ ಒತ್ತಡ, 30 ನಿಮಿಷ. ಈ 30 ನಿಮಿಷ ಎಣಿಸಬೇಕಾದ್ದು ಮುಳ್ಳು 121 ಮುಟ್ಟಿದ ಮೇಲೆ, ಸ್ವಿಚ್ ಹಾಕಿದಾಗಿನಿಂದ ಅಲ್ಲ. ಒಳಗಿನ ಗಾಳಿ ಪೂರ್ತಿ ಹೋಗದಿದ್ದರೆ ಒತ್ತಡ 15 ತೋರಿಸಿದರೂ ಬಿಸಿ ಸಾಲುವುದಿಲ್ಲ. ಅದಕ್ಕೇ ಮೊದಲು ವಾಲ್ವ್ ತೆರೆದಿಟ್ಟು ಆವಿ ಒಂದೇ ಸಮನೆ ಹೊರಬರುವವರೆಗೆ ಕಾಯಬೇಕು. ಡ್ರಮ್ ಬಳಸುವವರು ಅದರ ಪಕ್ಕದ ತೂತುಗಳ ಪಟ್ಟಿಯನ್ನು ಇಡುವಾಗ ತೆರೆದು, ತೆಗೆದ ಕೂಡಲೇ ಮುಚ್ಚಬೇಕು. ಇಡುವಾಗ ಮುಚ್ಚಿಯೇ ಇದ್ದರೆ ಆವಿ ಒಳಗೆ ಹೋಗುವುದೇ ಇಲ್ಲ, ಆದರೂ ಹೊರಗಿನ ಟೇಪ್ ಕಪ್ಪಾಗಿ ಎಲ್ಲ ಸರಿಯಿದೆ ಅನ್ನಿಸುತ್ತದೆ. ಹಾಗಾಗಿ ಇಂಡಿಕೇಟರ್ ಪಟ್ಟಿ ಪ್ಯಾಕಿನ ನಟ್ಟನಡುವೆ ಇರಲೇಬೇಕು. ಕತ್ತರಿ, ಆರ್ಟರಿಗಳ ಬೀಗ ಬಿಚ್ಚಿರಲಿ. ಪ್ಯಾಕ್ ಒದ್ದೆಯಾಗಿ ಹೊರಬಂದರೆ ಅದು ಸ್ಟೆರೈಲ್ ಅಲ್ಲ, ಮತ್ತೆ ಹಾಕಿ. ಬಯಲಾಜಿಕಲ್ ಇಂಡಿಕೇಟರ್ (ಸೂಕ್ಷ್ಮಾಣು ನಿಜಕ್ಕೂ ಸತ್ತವೇ ಎಂದು ನೋಡುವ ಪರೀಕ್ಷೆ) ವಾರಕ್ಕೊಮ್ಮೆ.

ಬದಲಿಸುವ ಕ್ರಮ ಹೀಗಿರಲಿ. ಲವಾಜ್ (ಸಲೈನಿನಿಂದ ಹೊಟ್ಟೆ ತೊಳೆಯುವುದು) ಮುಗಿದು, ರಕ್ತ ನಿಂತು, ಡ್ರೇನ್ ಇಟ್ಟು, ಸೆಲ್ಫ್ ರಿಟೇನಿಂಗ್ ರಿಟ್ರ್ಯಾಕ್ಟರ್ ತೆಗೆದ ಮೇಲೆ ಮಾಪ್ (ಹೊಟ್ಟೆಯೊಳಗೆ ಬಳಸುವ ದೊಡ್ಡ ಬಟ್ಟೆ) ಮತ್ತು ಉಪಕರಣದ ಎಣಿಕೆ. ಎಣಿಕೆ ಸರಿ ಅಂದ ಮೇಲೆ ಬಳಸಿದ್ದೆಲ್ಲ ಒಂದು ಟ್ರೇಗೆ, ಆ ಟ್ರೇ ಬೇರೆ ಟ್ರಾಲಿಗೆ. ಕೊನೆಯ ಎಣಿಕೆ ಮುಗಿಯುವವರೆಗೆ ಆ ಟ್ರೇ ಓಟಿಯ ಬಾಗಿಲು ದಾಟಬಾರದು. ಬೇಗ ತೊಳೆಯಲಿ ಅಂತ ಕಳಿಸಿಬಿಟ್ಟರೆ, ಕೊನೆಗೆ ಒಂದು ಆರ್ಟರಿ ಕಮ್ಮಿ ಬಂದಾಗ ಹುಡುಕುವುದು ಹೊಟ್ಟೆಯೊಳಗೋ, ತೊಳೆಯುವ ತೊಟ್ಟಿಯಲ್ಲೋ ಗೊತ್ತಾಗುವುದಿಲ್ಲ. ಈ ಪದ್ಧತಿಯಿಂದ ಹೊಸದಾಗಿ ಹುಟ್ಟುವ ಅಪಾಯ ಇದೊಂದೇ, ಇದರ ಬಗ್ಗೆ ಕಟ್ಟುನಿಟ್ಟು ಬೇಕು.

ಗ್ಲೌಸ್ ತೆಗೆಯುವಾಗ ಹೊರಗಿನ ನರ್ಸ್ ಬೆರಳ ಬಳಿ ಹಿಡಿದು ಎಳೆಯಬೇಕು, ಗೌನಿನ ಕಫ್ ಕೆಳಗೆ ಜಾರಿ ಕೈಮೇಲೆ ಬರಬಾರದು. ಅಷ್ಟು ಹೊತ್ತು ಗ್ಲೌಸ್ ಒಳಗಿದ್ದ ಕಫ್ ಬೆವರಿಗೆ ಒದ್ದೆಯಾಗಿರುತ್ತದೆ, ಅದು ಸ್ಟೆರೈಲ್ ಅಲ್ಲ. ಆ ಕಾರಣಕ್ಕೇ ಎರಡನೇ ಸಲ ಕಫ್ ಒಳಗಿಂದ ಗ್ಲೌಸ್ ಏರಿಸುವ ಕ್ಲೋಸ್ಡ್ ವಿಧಾನ ಬೇಡ. ಮೊದಲು ಸ್ಕ್ರಬ್ ನರ್ಸ್ ಓಪನ್ ವಿಧಾನದಲ್ಲಿ ತಾವು ಹಾಕಿಕೊಂಡು, ಆಮೇಲೆ ಸರ್ಜನ್‌ಗೆ, ಅಸಿಸ್ಟೆಂಟ್‌ಗೆ ಅವರೇ ಹಿಡಿದು ಹಾಕಿಸಬೇಕು. ಎರಡು ಜೊತೆ ಹಾಕುವ ರೂಢಿ ಇದ್ದರೆ ಹೊರಗಿನದು ತೆಗೆದು, ಒಳಗಿನದರಲ್ಲಿ ತೂತಿದೆಯೇ, ರಕ್ತ ಇಳಿದಿದೆಯೇ ನೋಡಿ. ಇದ್ದರೆ ಅದನ್ನೂ ಬದಲಿಸಿ. ತೋಳು ನೆನೆದಿದ್ದರೆ ಗೌನ್ ಕೂಡ. ಆಮೇಲೆ ಟವೆಲ್ ಹಾಸಿ, ಹೊಸ ಸೆಟ್ ತೆರೆಯಿರಿ. ಎಲ್ಲ ಸೇರಿ ಮೂರು ನಾಲ್ಕು ನಿಮಿಷ.

ಕೆಡುವುದು ಎಲ್ಲಿ ಅಂದರೆ ಲೈಟಿನ ಹಿಡಿ, ಕಾಟರಿ ಪೆನ್ಸಿಲ್, ಸಕ್ಷನ್ ತುದಿ. ಹೊಸ ಗ್ಲೌಸ್ ಹಾಕಿದ ಮರುಕ್ಷಣ ಹಳೇ ಸಕ್ಷನ್ ಹಿಡಿಯುತ್ತಾರೆ. ಸಕ್ಷನ್ ತುದಿಯನ್ನೂ ಟ್ರೇ ಜೊತೆಗೇ ತೆಗೆದುಬಿಡಿ. ಕಾಟರಿ ಬೇಕೇ ಬೇಕಾದರೆ ಹೊಸ ಗಾಜ್‌ನಿಂದ ಒರೆಸಿದ್ದು ಸಾಲದು, ಹಿಡಿಗೆ ಸ್ಟೆರೈಲ್ ಕವರ್ ಸುತ್ತಿ.


ಉತ್ತರ 3: ಅರಿವಳಿಕೆ ವಿಭಾಗ

ಮೇಲಿನ ಇಬ್ಬರೂ ಹೇಳಿದ್ದು ಮುಚ್ಚುವಾಗಿನ ಕೆಲಸ. ತೆರೆಯುವ ಮೊದಲಿನ ನಾಲ್ಕು ಸಂಗತಿ ಸರಿಯಿಲ್ಲದಿದ್ದರೆ ಶೇ 3ರ ಆ ಲಾಭ ಎಲ್ಲೋ ಸೋರಿಹೋಗುತ್ತದೆ.

ಆಂಟಿಬಯೋಟಿಕ್ ಹೊತ್ತು ಮೊದಲನೆಯದು. ಸೆಫಜೋಲಿನ್ 2 ಗ್ರಾಂ, 120 ಕಿಲೋ ಅಥವಾ ಮೇಲಿದ್ದರೆ 3 ಗ್ರಾಂ, ಚರ್ಮ ಕೊಯ್ಯುವ ಮೊದಲಿನ 60 ನಿಮಿಷದೊಳಗೆ. ದೊಡ್ಡ ಕರುಳಿನ ಕೆಲಸವಿದ್ದರೆ ಮೆಟ್ರೊನಿಡಜೋಲ್ 500 ಮಿಲಿಗ್ರಾಂ ಜೊತೆಗೆ. ವಾರ್ಡಿನಲ್ಲಿ ಬೆಳಿಗ್ಗೆ 7ಕ್ಕೆ ಕೊಟ್ಟು, ಲಿಸ್ಟಿನ ಮೂರನೇ ಕೇಸಾಗಿ 11 ಗಂಟೆಗೆ ಟೇಬಲ್ ಹತ್ತಿದರೆ ಗಾಯ ಕೊಯ್ಯುವ ಹೊತ್ತಿಗೆ ಆ ಔಷಧದ ಮಟ್ಟ ಇಳಿದಿರುತ್ತದೆ. ಹಾಗಾಗಿ ಔಷಧ ರೋಗಿಯ ಜೊತೆ ಓಟಿಗೆ ಬರಲಿ, ಕೊಡುವುದು ಟೇಬಲ್ ಮೇಲೆ. ಆಪರೇಷನ್ 4 ಗಂಟೆ ದಾಟಿದರೆ ಅಥವಾ ಒಂದೂವರೆ ಲೀಟರಿಗಿಂತ ಹೆಚ್ಚು ರಕ್ತ ಹೋದರೆ ಸೆಫಜೋಲಿನ್ ಮತ್ತೊಮ್ಮೆ. ಕ್ಲೀನ್-ಕಂಟಾಮಿನೇಟೆಡ್ (ಕರುಳು ತೆರೆದರೂ ಸೋರಿಕೆಯಾಗದ) ಕೇಸಿಗೆ ಮುಚ್ಚಿದ ಮೇಲೆ ಮುಂದುವರಿಸಬೇಕಾಗಿಲ್ಲ.

ಪರ್ಫೊರೇಷನ್‌ನಲ್ಲಿ ಕೊಡುವುದು ಚಿಕಿತ್ಸೆ, ತಡೆಯಲ್ಲ. ರೋಗ ಗೊತ್ತಾದ ಕೂಡಲೇ ಕ್ಯಾಶುವಾಲ್ಟಿಯಲ್ಲೇ ಶುರು ಮಾಡಬೇಕು. ಎಷ್ಟು ದಿನ ಅನ್ನುವುದಕ್ಕೆ 2015ರ ಸ್ಟಾಪ್-ಇಟ್ ಟ್ರಯಲ್ ನೋಡಿ: 518 ರೋಗಿಗಳಲ್ಲಿ ಸೋರಿಕೆಯ ಮೂಲ ಸರಿಪಡಿಸಿದ ಮೇಲೆ ಸುಮಾರು 4 ದಿನ ಕೊಟ್ಟವರಿಗೂ, ಜ್ವರ ಇತ್ಯಾದಿ ಇಳಿಯುವವರೆಗೆ ಸುಮಾರು 8 ದಿನ ಕೊಟ್ಟವರಿಗೂ ತೊಂದರೆಯ ಪ್ರಮಾಣ ಒಂದೇ, ಶೇ 21.8 ಮತ್ತು ಶೇ 22.3. ಹತ್ತು ದಿನದ ಕೋರ್ಸ್‌ಗೆ ಖರ್ಚಾಗುವ ದುಡ್ಡಿನಲ್ಲಿ ಎಷ್ಟೋ ಜೊತೆ ಗ್ಲೌಸ್ ಬರುತ್ತವೆ.

ಕೂದಲು ತೆಗೆಯುವುದು ಬೇಡವೇ ಬೇಡ, ಬೇಕೇಬೇಕು ಅಂದರೆ ಕ್ಲಿಪ್ಪರ್. ಹಿಂದಿನ ರಾತ್ರಿ ಬ್ಲೇಡಿನಲ್ಲಿ ಬೋಳಿಸಿದರೆ ಕಣ್ಣಿಗೆ ಕಾಣದ ಗೀರುಗಳಲ್ಲಿ ಬೆಳಗಾಗುವುದರೊಳಗೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

ಮೈ ಬಿಸಿ ಕಾಯುವುದು ನಮ್ಮ ಕೈಯಲ್ಲಿರುವ ಕೆಲಸ. 1996ರಲ್ಲಿ 200 ಕೊಲೊರೆಕ್ಟಲ್ ರೋಗಿಗಳ ಅಧ್ಯಯನದಲ್ಲಿ 34.7 ಡಿಗ್ರಿಗೆ ಇಳಿದವರಲ್ಲಿ ಗಾಯದ ಸೋಂಕು ಶೇ 19, 36.6ರಲ್ಲಿ ಕಾಯ್ದವರಲ್ಲಿ ಶೇ 6 ಬಂತು. 2022ರ ಪ್ರೊಟೆಕ್ಟ್ ಟ್ರಯಲ್ 5,056 ರೋಗಿಗಳಲ್ಲಿ 37 ಡಿಗ್ರಿಯನ್ನೂ 35.5 ಡಿಗ್ರಿಯನ್ನೂ ಹೋಲಿಸಿದಾಗ ವ್ಯತ್ಯಾಸ ಕಾಣಲಿಲ್ಲ. ಎರಡನ್ನೂ ಜೋಡಿಸಿ ಓದಿದರೆ, 37ರ ಹಿಂದೆ ಬೀಳಬೇಕಾಗಿಲ್ಲ, 35.5ರ ಕೆಳಗೆ ಬಿಡಲೂಬಾರದು. ಅದಕ್ಕೆ ದುಬಾರಿ ಯಂತ್ರ ಇಲ್ಲದಿದ್ದರೂ ಲವಾಜ್‌ಗೆ ಬೆಚ್ಚಗಿನ ಸಲೈನ್, ಕಾಲು ಎದೆ ಮುಚ್ಚುವ ಹತ್ತಿಯ ಹೊದಿಕೆ, ರೋಗಿಗೆ ಡ್ರೇಪ್ ಹಾಕುವವರೆಗೆ ಎಸಿ ಬಂದ್, ಇಷ್ಟು ಸಾಕು. ತಣ್ಣಗಿನ ಸಲೈನ್ ನಾಲ್ಕು ಲೀಟರ್ ಹೊಟ್ಟೆಗೆ ಸುರಿದರೆ ಮೇಲಿನ ಹೊದಿಕೆ ಏನು ಮಾಡೀತು? ಸಕ್ಕರೆ 200 ಮಿಲಿಗ್ರಾಂ ಕೆಳಗಿರಲಿ, ಡಯಾಬಿಟಿಸ್ ಇಲ್ಲದವರಲ್ಲೂ ಒಮ್ಮೆ ನೋಡಿ.


ತಾಲ್ಲೂಕು ಸರ್ಜನ್

ಎಲ್ಲರಿಗೂ ಧನ್ಯವಾದ. ಕಫ್ ವಿಷಯ, ಟ್ರೇ ಓಟಿ ದಾಟಬಾರದು ಅನ್ನುವುದು ಇವತ್ತೇ ಬರೆದು ಗೋಡೆಗೆ ಹಚ್ಚುತ್ತೇವೆ. ಇನ್ನೆರಡು ಉಳಿದಿವೆ. ಆರು ತಿಂಗಳಲ್ಲಿ ಸೋಂಕು ಇಳಿದಿದೆ ಎಂದು ತೋರಿಸಿದರೆ ಮಾತ್ರ ಹೆಚ್ಚುವರಿ ಗ್ಲೌಸ್ ಮಂಜೂರು ಎನ್ನುವ ಮಾತಿದೆ. ಜೊತೆಗೆ ಯಾವ ಸರ್ಜನ್ ಕೇಸಿನಲ್ಲಿ ಎಷ್ಟು ಸೋಂಕು ಎಂದು ಹೆಸರು ಹಾಕಿ ಪಟ್ಟಿ ಮಾಡಬೇಕು ಎನ್ನುವ ಸಲಹೆಯೂ ಇದೆ. ಇವೆರಡಕ್ಕೂ ಏನು ಉತ್ತರ ಕೊಡಲಿ?


ಉತ್ತರ 4: ಸಮುದಾಯ ವೈದ್ಯಕೀಯ

ಆರು ತಿಂಗಳ ಷರತ್ತನ್ನು ಒಪ್ಪಬೇಡಿ, ಲೆಕ್ಕವೇ ಒಪ್ಪುವುದಿಲ್ಲ. ತಿಂಗಳಿಗೆ 20ರಂತೆ ಆರು ತಿಂಗಳಿಗೆ 120 ಕೇಸು. ಸೋಂಕು ಶೇ 19 ಇದ್ದರೆ 23 ಜನರಿಗೆ ಆಗಬೇಕು, ಶೇ 16ಕ್ಕೆ ಇಳಿದರೆ 19. ಆದರೆ ಏನನ್ನೂ ಬದಲಿಸದಿದ್ದರೂ, ಬರೀ ಅದೃಷ್ಟದ ಏರಿಳಿತದಿಂದಲೇ 120ರಲ್ಲಿ 15ರಿಂದ 31ರವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಈ ಗದ್ದಲದಲ್ಲಿ ನಾಲ್ಕು ಜನರ ವ್ಯತ್ಯಾಸ ಕಾಣುವುದೆಂತು? ಶೇ 19 ಮತ್ತು ಶೇ 16ನ್ನು ನಂಬಿಕೆಯಿಂದ ಬೇರ್ಪಡಿಸಲು ಗುಂಪಿಗೆ ಸುಮಾರು 2,500 ರೋಗಿಗಳು ಬೇಕು. ಅದಕ್ಕೇ ಅಲ್ಲವೇ ಏಳು ದೇಶ ಒಟ್ಟಾಗಬೇಕಾಗಿ ಬಂದದ್ದು.

ಆದ್ದರಿಂದ ನೀವು ಅಳೆಯಬೇಕಾದ್ದು ಕೆಲಸ ನಡೆಯಿತೇ ಅನ್ನುವುದನ್ನು. ನೂರು ಕೇಸಿನಲ್ಲಿ ಎಷ್ಟಕ್ಕೆ ಎಲ್ಲರೂ ಗ್ಲೌಸ್ ಬದಲಿಸಿದರು, ಎಷ್ಟಕ್ಕೆ ಹೊಸ ಸೆಟ್ ತೆರೆದರು, ಎಷ್ಟಕ್ಕೆ ಆಂಟಿಬಯೋಟಿಕ್ 60 ನಿಮಿಷದೊಳಗೆ ಬಿತ್ತು. ಇದು ಮೊದಲ ತಿಂಗಳಲ್ಲೇ ಶೇ 40ರಿಂದ ಶೇ 90ಕ್ಕೆ ಏರುವುದನ್ನು ತೋರಿಸಲು 20 ಕೇಸೂ ಸಾಕು. ಫಲ ಉಂಟು ಎಂದು ಚೀಟಾ ತೋರಿಸಿಯಾಗಿದೆ, ನಿಮ್ಮ ಮೇಲಿರುವ ಹೊಣೆ ಅದನ್ನು ಬಿಡದೆ ಮಾಡುವುದು. ಮಂಜೂರಾತಿ ಪತ್ರದಲ್ಲಿ ಈ ಲೆಕ್ಕವನ್ನೇ ಬರೆಯಿರಿ.

ಸೋಂಕನ್ನೂ ಎಣಿಸಿ, ಆದರೆ 30ನೇ ದಿನದವರೆಗೆ. ಡಿಸ್ಚಾರ್ಜ್ ದಿನಕ್ಕೇ ಲೆಕ್ಕ ಮುಗಿಸಿದರೆ ದೊಡ್ಡ ಪಾಲು ಮನೆಗೆ ಹೋದ ಮೇಲೆ ತಪ್ಪಿಹೋಗುತ್ತದೆ. ಅಡ್ಮಿಷನ್ ಸಮಯದಲ್ಲೇ ಎರಡು ಫೋನ್ ನಂಬರ್ ಬರೆಸಿ, ಒಂದು ರೋಗಿಯದು, ಇನ್ನೊಂದು ಜೊತೆಗಿರುವವರದು. ಫೋನಿನಲ್ಲಿ "ಗಾಯ ಹೇಗಿದೆ?" ಅಂದರೆ "ಪರವಾಗಿಲ್ಲ ಸಾರ್" ಅಂತಲೇ ಉತ್ತರ ಬರುತ್ತದೆ. ಬಿಡಿಸಿ ಕೇಳಬೇಕು: ಗಾಯದಿಂದ ಕೀವೋ ನೀರೋ ಬಂತೇ, ಬಟ್ಟೆಗೆ ಅಂಟಿತೇ? ಸುತ್ತ ಕೆಂಪಾಗಿ ಬಿಸಿಯಾಗಿ ನೋಯುತ್ತಿದೆಯೇ? ಹೊಲಿಗೆ ಬಿಟ್ಟುಕೊಂಡಿದೆಯೇ? ಊರಿನ ಡಾಕ್ಟರು ಗಾಯ ಬಿಡಿಸಿ ತೊಳೆದರೇ? ಮತ್ತೆ ಆಂಟಿಬಯೋಟಿಕ್ ಕೊಟ್ಟರೇ? ಒಂದಕ್ಕೆ ಹೌದು ಅಂದರೂ ಕರೆಸಿ ನೋಡಿ. ಫೋನ್ ಸಿಗದವರ ಮನೆಗೆ ಆಶಾ ಕಾರ್ಯಕರ್ತೆಯರ ಮೂಲಕ ವಿಚಾರಿಸಬಹುದು. ಸಿಗದೇ ಹೋದವರನ್ನು "ಸೋಂಕಿಲ್ಲ" ಪಟ್ಟಿಗೆ ಸೇರಿಸಬೇಡಿ, ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಇನ್ನೊಂದು ಮಾತು: ಹೀಗೆ ಎಣಿಸಲು ಶುರು ಮಾಡಿದ ತಿಂಗಳು ನಿಮ್ಮ ಸೋಂಕಿನ ಅಂಕಿ ಏರುತ್ತದೆ. ಅದುವರೆಗೆ ಕಾಣದಿದ್ದದ್ದು ಈಗ ಕಂಡಿದೆ, ಅಷ್ಟೇ. ಮೊದಲೇ ಎಲ್ಲರಿಗೂ ಹೇಳಿಡಿ.

ಸರ್ಜನ್‌ವಾರು ಪಟ್ಟಿ ಬೇಡ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರು ದಿನ ತಡವಾಗಿ ಬಂದ ಪರ್ಫೊರೇಷನ್ ಯಾರ ಪಾಳಿಗೆ ಬೀಳುತ್ತದೋ ಅವರ ಅಂಕಿ ಕೆಡುತ್ತದೆ. ವರ್ಷಕ್ಕೆ 60 ಕೇಸಿನಲ್ಲಿ ಕೈಚಳಕವನ್ನೂ ಕೆಟ್ಟ ಅದೃಷ್ಟವನ್ನೂ ಬೇರೆ ಮಾಡಲಾಗದು. ಪಟ್ಟಿ ಬಂದರೆ ಮೊದಲು ಆಗುವುದು ಸೋಂಕನ್ನು ಬರೆಯದಿರುವುದು, ಆಮೇಲೆ ಕಷ್ಟದ ಕೇಸನ್ನು ಮುಂದಕ್ಕೆ ಕಳಿಸುವುದು.

ಸರ್ಜನ್‌ನ ಕೈ ಲೆಕ್ಕಕ್ಕಿಲ್ಲ ಅಂತಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 20 ಬೇರಿಯಾಟ್ರಿಕ್ ಸರ್ಜನ್‌ಗಳ ಆಪರೇಷನ್ ವಿಡಿಯೊಗಳಿಗೆ, ಮಾಡಿದವರು ಯಾರೆಂದು ತಿಳಿಯದಂತೆ ಇತರ ಸರ್ಜನ್‌ಗಳೇ ಅಂಕ ಕೊಟ್ಟರು. ಕೆಳಗಿನ ಕಾಲುಭಾಗದವರ ರೋಗಿಗಳಲ್ಲಿ ತೊಡಕು ಶೇ 14.5, ಮೇಲಿನ ಕಾಲುಭಾಗದವರಲ್ಲಿ ಶೇ 5.2. ಅದನ್ನು ಹೆಸರು ಹಚ್ಚಿ ಸರಿಪಡಿಸುವ ಬದಲು ಒಟ್ಟಿಗೆ ಕೂತು ವಿಡಿಯೊ ನೋಡಿ ಸರಿಪಡಿಸಬಹುದು. ಇನ್ನು ಸಾವಿನ ಮಾತು ಬಂದರೆ ಆಸ್ಪತ್ರೆಯೇ ದೊಡ್ಡದು. 2009ರ ಅಮೆರಿಕದ ಅಧ್ಯಯನವೊಂದು ಕಡಿಮೆ ಸಾವಿನ ಆಸ್ಪತ್ರೆಗಳನ್ನೂ ಹೆಚ್ಚು ಸಾವಿನ ಆಸ್ಪತ್ರೆಗಳನ್ನೂ ಹೋಲಿಸಿತು. ತೊಡಕು ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ, ಶೇ 26.9 ಮತ್ತು ಶೇ 24.6. ಆದರೆ ದೊಡ್ಡ ತೊಡಕಾದ ಮೇಲೆ ಸತ್ತವರು ಒಂದು ಕಡೆ ಶೇ 12.5, ಇನ್ನೊಂದು ಕಡೆ ಶೇ 21.4. ತೊಡಕನ್ನು ಯಾರು, ಎಷ್ಟು ಬೇಗ ಗುರುತಿಸಿ ಓಡಿದರು ಅನ್ನುವುದರಲ್ಲಿದೆ ವ್ಯತ್ಯಾಸ. ರಾತ್ರಿ ನಾಡಿ 120 ದಾಟಿದಾಗ ವಾರ್ಡ್ ಸಿಸ್ಟರ್ ಯಾರಿಗೆ ಫೋನ್ ಮಾಡಬೇಕು ಎಂದು ಬರೆದು ಹಚ್ಚುವುದು ಸರ್ಜನ್ ಪಟ್ಟಿಗಿಂತ ಹೆಚ್ಚು ಜೀವ ಉಳಿಸುತ್ತದೆ.

ಬದಲಾವಣೆಯನ್ನು ನೆನಪಿಸಲು ಹೊಸ ಫಾರ್ಮ್ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸರ್ಜಿಕಲ್ ಚೆಕ್‌ಲಿಸ್ಟ್‌ಗೇ ಒಂದು ಸಾಲು ಸೇರಿಸಿ, ಸ್ಥಳೀಯವಾಗಿ ಸೇರಿಸಲು ಅದರಲ್ಲಿ ಅವಕಾಶವಿದೆ. ಅದರ ಚರಿತ್ರೆಯೂ ಎಚ್ಚರಿಕೆ ಹೇಳುತ್ತದೆ. 2009ರಲ್ಲಿ ನವದೆಹಲಿ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಸಾವು ಶೇ 1.5ರಿಂದ ಶೇ 0.8ಕ್ಕೆ, ತೊಡಕು ಶೇ 11ರಿಂದ ಶೇ 7ಕ್ಕೆ ಇಳಿದವು. ಅದೇ ಚೆಕ್‌ಲಿಸ್ಟನ್ನು ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆಗಳಿಗೆ ತಂದಾಗ, 2014ರ ವರದಿಯಂತೆ, ಸಾವು ಶೇ 0.71ರಿಂದ ಶೇ 0.65ಕ್ಕೆ ಬಂದದ್ದಷ್ಟೇ, ಲೆಕ್ಕಕ್ಕೆ ಹಿಡಿಯುವ ಬದಲಾವಣೆಯಲ್ಲ. ಕೇಸ್ ಮುಗಿದ ಮೇಲೆ ಒಬ್ಬರೇ ಕೂತು ಟಿಕ್ ಹಾಕಿದ ಹಾಳೆಗೆ ಬೆಲೆಯಿಲ್ಲ. "ಮುಚ್ಚುತ್ತಿದ್ದೇವೆ" ಎಂದು ಸರ್ಜನ್ ಬಾಯಿಬಿಟ್ಟು ಹೇಳಬೇಕು, ಆ ಮಾತಿಗೆ ಹೊರಗಿನ ನರ್ಸ್ ಹೊಸ ಗ್ಲೌಸ್ ಪ್ಯಾಕೆಟ್ ಬಿಚ್ಚಬೇಕು.


ಉತ್ತರ 5: ಪಿಜಿ, ಸರ್ಜರಿ

ಒಂದು ಸಂದೇಹ ಸರ್. ಇಲಿಯೊಸ್ಟಮಿ (ಸಣ್ಣ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆಯುವುದು) ಮಾಡಬೇಕಾದ ಕೇಸಿನಲ್ಲಿ ಯಾವಾಗ ಬದಲಿಸುವುದು? ಸೆಟ್ ಖಾಲಿಯಾದ ರಾತ್ರಿ, ಮೊದಲೇ ಟ್ರಾಲಿಯ ಮೂಲೆಯಲ್ಲಿ ನಾಲ್ಕು ಉಪಕರಣ ಎತ್ತಿಟ್ಟುಕೊಂಡರೆ ಆಗುವುದಿಲ್ಲವೇ?


ಓಟಿ ಇನ್‌ಚಾರ್ಜ್ ಸಿಸ್ಟರ್

ಬೇರೆ ದಾರಿಯೇ ಇಲ್ಲದ ರಾತ್ರಿಗೆ ಆಗುತ್ತದೆ ಡಾಕ್ಟ್ರೇ, ರೂಢಿಗೆ ಬೇಡ. ಎತ್ತಿಡುವುದಾದರೆ ಚರ್ಮ ಕೊಯ್ಯುವ ಮೊದಲೇ ಎಣಿಸಿ, ಬೇರೆ ಸಣ್ಣ ಟ್ರೇಯಲ್ಲಿಟ್ಟು, ಎರಡು ಮಡಿಕೆ ಸ್ಟೆರೈಲ್ ಟವೆಲ್ ಮುಚ್ಚಿ, ಟ್ರಾಲಿಯ ಹಿಂದಿನ ಅಂಚಿಗೆ ತಳ್ಳಿ. ರಕ್ತಸ್ರಾವದ ಅವಸರದಲ್ಲಿ ಯಾರಾದರೂ ಕೈ ಹಾಕಿದರೆ, ಟವೆಲ್ ನೆನೆದರೆ, ಅದನ್ನು ಮುಚ್ಚುವ ಸೆಟ್ ಅಂತ ಲೆಕ್ಕ ಹಾಕಬೇಡಿ, ಚೆಕ್‌ಲಿಸ್ಟಿನಲ್ಲಿ "ಇಲ್ಲ" ಅಂತಲೇ ಬರೆಯಿರಿ.


ಜನರಲ್ ಸರ್ಜರಿ ಬೋಧಕ

ಸ್ಟೋಮಾ (ಹಾಗೆ ಹೊಟ್ಟೆಯ ಮೇಲೆ ತೆರೆದ ಬಾಯಿ) ವಿಷಯಕ್ಕೆ: ಕರುಳಿನ ಕುಣಿಕೆಯನ್ನು ಹೊರತಂದು, ಬಾಯಿ ತೆರೆಯದೆ, ಒದ್ದೆ ಮಾಪ್ ಸುತ್ತಿಡಿ. ಆಗ ಗ್ಲೌಸ್, ಉಪಕರಣ ಬದಲಿಸಿ ಮುಖ್ಯ ಗಾಯವನ್ನು ಶೀತ್‌ನಿಂದ ಚರ್ಮದವರೆಗೆ ಮುಚ್ಚಿ ಡ್ರೆಸ್ಸಿಂಗ್ ಅಂಟಿಸಿ. ಸುತ್ತಿದ ಮಾಪ್ ಎಣಿಕೆಯಲ್ಲಿ ಬಾಕಿ ಇದೆ ಎಂದು ಬೋರ್ಡಿನಲ್ಲಿರಲಿ. ಕೊನೆಗೆ ಕುಣಿಕೆ ತೆರೆದು ಚರ್ಮಕ್ಕೆ ಹೊಲಿಯುವುದು ಹಳೇ ಸೆಟ್ಟಿನಿಂದ, ಆ ಸೆಟ್ ಅಲ್ಲೇ ಓಟಿಯಲ್ಲೇ ಇರುತ್ತದಲ್ಲ. 48 ಗಂಟೆಗೆ ಮತ್ತೆ ತೆರೆದು ನೋಡಲೆಂದು ಹೊಟ್ಟೆ ಮುಚ್ಚದೆ ಬಿಟ್ಟ ಕೇಸಿನಲ್ಲಿ ಮೊದಲ ದಿನ ಮುಚ್ಚುವ ಸೆಟ್ ತೆರೆಯಬೇಡಿ. ಶೀತ್ ಹೊಲಿಯುವ ದಿನಕ್ಕೆ ಇಟ್ಟುಕೊಳ್ಳಿ.